ಸಣ್ಣ ಗ್ರೌಂಡ್, ಕಡಿಮಿ ಮಂದಿ, ಒಂದ ಪ್ರಶ್ನಿ: ಫುಟ್‌ಬಾಲ್ ಪ್ರಾಕ್ಟೀಸನ್ಯಾಗ ಸ್ಮಾಲ್ ಸೈಡೆಡ್ ಗೇಮ್ ಆಡಸೋದು ಹೆಂಗ

ಬೆಳಗಾವ್ಯಾಗ ಸಂಜೀಕ ಐದೂವರಿ ಸುಮಾರಿಗೆ ಯಾವುದಾದ್ರೂ ಗ್ರೌಂಡಿಗೆ ಹೋಗಿ ನೋಡ್ರಿ, ಟಿಳಕವಾಡಿ ಲೇಲೆ ಗ್ರೌಂಡ್ ಇರ್ಲಿ, ಕ್ಯಾಂಪ್ ಕಡೆ ಯಾವುದರ ಸಾಲಿ ಗ್ರೌಂಡ್ ಇರ್ಲಿ, ಫುಟ್‌ಬಾಲ್ ಪ್ರಾಕ್ಟೀಸ್ ಅಂದ್ರ ಭಾಳ ಕಡೆ ಒಂದ ನಮೂನಿ ನಡೀತಿರ್ತೈತಿ. ಮೊದ್ಲ ಗ್ರೌಂಡ್ ಸುತ್ತ ಎರಡು ರೌಂಡು, ಆಮ್ಯಾಲೆ ಇಪ್ಪತ್ತು ಹುಡುಗರದು ಒಂದು ಲೈನು, ಮುಂದಿನಾಂವ ಕೋನ್ ಸುತ್ತ ಬಾಲ್ ಒಯ್ದು ಗೋಲಿಗೆ ಹೊಡದು ಬರೋತನಕ ಉಳದ ಹತ್ತೊಂಬತ್ತು ಮಂದಿ ಸೊಂಟದ ಮ್ಯಾಲೆ ಕೈ ಇಟಗೊಂಡು ನಿಂತಿರ್ತಾರ, ಕಡೀಗೆ ಹದಿನೈದು ನಿಮಿಷ ಉಳದಾಗ "ಹೂಂ, ಈಗ ಮ್ಯಾಚ್ ಆಡ್ರಿ" ಅಂತ ಬಿಟ್ಟುಬಿಡ್ತಾರ. ಆ ಮ್ಯಾಚನ್ಯಾಗ ಗಟ್ಟಿ ಇದ್ದ ಮೂರು ನಾಕು ಹುಡುಗರ ಕಾಲಾಗ ಬಾಲ್ ತಿರಗತೈತಿ, ರೈಟ್ ಬ್ಯಾಕ್ ನಿಂತ ಹುಡುಗ ಎರಡು ಸಲ ಬಾಲ್ ಮುಟ್ಟಿದ್ರ ಅದ ದೊಡ್ಡದು.

ಇದನ್ನ ಬದಲಿ ಮಾಡಾಕ ರೊಕ್ಕ ಬೇಕಾಗಿಲ್ಲ, ಹೆಚ್ಚಿಗಿ ಜಾಗಾನೂ ಬೇಕಾಗಿಲ್ಲ. ಅದ ಹುಡುಗರನ್ನ ಸಣ್ಣ ಸಣ್ಣ ಟೀಮ್ ಮಾಡಿ ಸಣ್ಣ ಗ್ರೌಂಡನ್ಯಾಗ ಆಡಸೋದು, ಇದಕ್ಕ ಸ್ಮಾಲ್ ಸೈಡೆಡ್ ಗೇಮ್ ಅಂತಾರ. ಲೆಕ್ಕಾ ಸರಳ ಐತಿ: 24 ಹುಡುಗರು 12-12 ಆಗಿ ಆಡಿದ್ರ ಅಷ್ಟೂ ಮಂದಿಗೆ ಒಂದ ಬಾಲು, ಅದ 24 ಮಂದಿ ಮೂರು ಗ್ರೌಂಡನ್ಯಾಗ 4-4 ಆಡಿದ್ರ ಎಂಟು ಮಂದಿಗೆ ಒಂದು ಬಾಲು. ಆದ್ರ ಬಾಲ್ ಕೊಟ್ಟು ಸುಮ್ನ ಆಡ್ರಿ ಅಂತ ಬಿಟ್ರ ಅದು ಓಣಿ ಆಟ ಆಗ್ತೈತಿ, ಓಣಿ ಆಟಾನೂ ಚೊಲೋನ ಅದಕ್ಕ ಕೋಚ್ ಬೇಕಾಗಿಲ್ಲ ಅಷ್ಟ. ಕೋಚ್ ಮಾಡೋ ಕೆಲಸ ಏನಪಾ ಅಂದ್ರ ಮಂದಿ, ಜಾಗಾ, ಗೋಲು, ರೂಲು ಈ ನಾಕನ್ನ ಹೊಂದಿಸಿಟ್ಟು ಹುಡುಗರ ಮುಂದ ಒಂದು ಪ್ರಶ್ನಿ ಹಾಕೋದು, ಉತ್ತರ ಅವರ ಆಡತ ಆಡತ ಹುಡುಕಬೇಕು. ಸಾಲಿ ಪಿಟಿ ಮಾಸ್ತರಿಗೆ, ಹೊಸದಾಗಿ ಕೋಚಿಂಗಿನ ಡಿ ಲೈಸೆನ್ಸ್ ಕೋರ್ಸ್ ಮುಗಿಸಿ ಬಂದವರಿಗೆ, ಭಾನುವಾರ ಓಣಿ ಹುಡುಗರನ್ನ ಸೇರಿಸಿ ಆಡಸೋ ಅಣ್ಣಗೋಳಿಗೆ ಉಪಯೋಗ ಆಗ್ಲಿ ಅಂತ ಇದನ್ನ ಉದ್ದಕ್ಕ ಬರೀತೀನಿ.

ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಏನಲ್ಲ. ನೆದರ್ಲೆಂಡ್ಸನ್ಯಾಗ ಮಕ್ಕಳು ಓಣ್ಯಾಗ ಆಡೋದು ಕಡಿಮಿ ಆಗಾಕತ್ತಿದಾಗ ಅಲ್ಲಿನ ಫೆಡರೇಷನ್ 1980ರ ದಶಕದಾಗ 4-4 ಆಟಾನ ಮಕ್ಕಳ ಕೋಚಿಂಗಿನ ಬುಡಕ್ಕ ಇಟ್ಟಿತು. ಜರ್ಮನಿಯ ಹಾರ್ಸ್ಟ್ ವೈನ್ ಅಂತ ಒಬ್ಬರು, ಅವರು ಮೂಲದಾಗ ಹಾಕಿ ಕೋಚ್, 3-3 ಮಂದಿ ನಾಕು ಸಣ್ಣ ಗೋಲ್ ಇಟ್ಟು ಆಡೋ ಫುನಿನೊ ಅನ್ನೋ ಆಟ ತಂದ್ರು. ಜರ್ಮನ್ ಫೆಡರೇಷನ್ 2024-25ರ ಸೀಜನ್‌ದಿಂದ ಸಣ್ಣ ಮಕ್ಕಳಿಗೆ ಇಂಥಾ ಸಣ್ಣ ಆಟಾನ ಕಡ್ಡಾಯ ಮಾಡೇತಿ. ಅಮೆರಿಕಾದಾಗ 2017ರಿಂದ 8 ವರ್ಷದೊಳಗಿನವರಿಗೆ 4-4, 10ರೊಳಗ 7-7, 12ರೊಳಗ 9-9 ಅಂತ ಐತಿ. ನಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್ 2018ರಾಗ ಮಕ್ಕಳಿಗೆ ಗೋಲ್ಡನ್ ಬೇಬಿ ಲೀಗ್ ಶುರು ಮಾಡಿದ್ದೂ ಇದ ವಿಚಾರದ ಮ್ಯಾಲೆ. ನಮ್ಮಲ್ಲಿ ಮಾತ್ರ ಎಂಟು ವರ್ಷದ ಹುಡುಗನ್ನ 7.32 ಮೀಟರ್ ಅಗಲ 2.44 ಮೀಟರ್ ಎತ್ತರದ ಗೋಲನ್ಯಾಗ ನಿಲ್ಲಿಸಿ, ತಲಿ ಮ್ಯಾಲಿಂದ ಬಾಲ್ ಹೋದ್ರ "ಯಾಕಲೇ ಹಿಡೀಲಿಲ್ಲ" ಅಂತ ಬಯ್ಯೋದು ಇನ್ನೂ ನಿಂತಿಲ್ಲ.

ಮೊದ್ಲ ಇವತ್ತಿನ ಪ್ರಶ್ನಿ ಬರಕೊಳ್ರಿ

ಗ್ರೌಂಡಿಗೆ ಹೋಗೋಕ್ಕಿಂತ ಮೊದ್ಲ ಮನ್ಯಾಗ ಕುಂತು ಒಂದು ಸಾಲು ಬರೀರಿ, ಒಂದ ಸಾಲು. "ಪಾಸಿಂಗ್ ಸುಧಾರಿಸಬೇಕು" ಅಂತ ಬರದ್ರ ಅದು ಏನೂ ಬರದಂಗಿಲ್ಲ, ಯಾಕಂದ್ರ ಅದರಿಂದ ಗ್ರೌಂಡ್ ಎಷ್ಟು ಹಾಕಬೇಕು, ಗೋಲ್ ಎಲ್ಲಿ ಇಡಬೇಕು ಅನ್ನೋದು ಗೊತ್ತಾಗಂಗಿಲ್ಲ. ಹೋದ ಮ್ಯಾಚ್ ನೆನಸ್ರಿ. ಉದಾಹರಣೆಗೆ, ಎದುರಿನ ಫಾರ್ವರ್ಡ್ ಓಡಿ ಬಂದಕೂಡ್ಲೆ ನಮ್ಮ ಡಿಫೆಂಡರ್ ಕಣ್ಣಮುಚ್ಚಿ ಮುಂದ ಒದಿತಾನ, ಬಾಲ್ ಹತ್ತು ಸೆಕೆಂಡನ್ಯಾಗ ವಾಪಸ್ ನಮ್ಮ ಮ್ಯಾಲನ ಬರ್ತೈತಿ. ಹಂಗಾರ ಇವತ್ತಿನ ಪ್ರಶ್ನಿ: ಒಬ್ಬಾಂವ ಮೈಮ್ಯಾಲೆ ಬಂದಾಗ ಹಿಂದಿನಿಂದ ಬಾಲ್ ಹೊರಗ ತರೋದು ಹೆಂಗ? ಈಗ ನೋಡ್ರಿ, ಈ ಸಾಲು ಓದಿದ್ರ ಆಟ ತಾನ ಕಾಣಾಕ ಶುರು ಆಗ್ತೈತಿ, ಕೀಪರ್ ಬೇಕು, ಹಿಂದ ಜಾಗಾ ಬೇಕು, ಪ್ರೆಸ್ ಮಾಡೋರು ಅಂದ್ರ ಬಾಲ್ ಕಸಿಯಾಕ ಮೈಮ್ಯಾಲೆ ಬರೋರು ಬೇಕು. ಮುಂದ ಇದ ಪ್ರಶ್ನಿ ಹಿಡಕೊಂಡು ಒಂದು ಪೂರ್ತಿ ಸಂಜಿ ಹೆಂಗ ನಡಸೋದು ಅಂತ ಹೇಳ್ತೀನಿ.

ಎಷ್ಟು ಮಂದಿ

ಲಿಸ್ಟನ್ಯಾಗ 24 ಹೆಸರು ಇರ್ತಾವ, ಬರೋದು 19. ಒಬ್ಬಂಗ ಟ್ಯೂಷನ್, ಒಬ್ಬಾಂವ ಊರಿಗೆ ಹೋಗ್ಯಾನ, ಇನ್ನೊಬ್ಬನ ಸೈಕಲ್ ಪಂಚರ್. ಅದಕ್ಕ 24 ಮಂದಿಗೆ ಅಂತ ಒಂದ ಪ್ಲ್ಯಾನ್ ಹಾಕೊಂಡು ಹೋಗಬ್ಯಾಡ್ರಿ, 16, 19, 22 ಹಿಂಗ ಮೂರು ಲೆಕ್ಕಕ್ಕ ಮನಸನ್ಯಾಗ ಪ್ಲ್ಯಾನ್ ಇರ್ಲಿ. ಬೆಸ ಸಂಖ್ಯಾ ಬಂತಂದ್ರ ಒಬ್ಬಂವನ್ನ ಹೊರಗ ಕುಂದರಸಬ್ಯಾಡ್ರಿ, ಜೋಕರ್ ಮಾಡ್ರಿ. ಜೋಕರ್ ಅಂದ್ರ ಬಾಲ್ ಯಾವ ಟೀಮಿನ ಹತ್ರ ಐತೋ ಆ ಟೀಮಿಗೆ ಆಡಾಂವ, ಅವಂಗ ಬ್ಯಾರೆ ಬಣ್ಣದ ಬಿಬ್ (ಅಂಗಿ ಮ್ಯಾಲೆ ಹಾಕೋ ಬನಿಯನ್) ಹಾಕ್ರಿ. 4-4 ಮತ್ತ ಒಬ್ಬ ಜೋಕರ್ ಇದ್ರ ಬಾಲ್ ಇದ್ದ ಟೀಮಿಗೆ ಯಾವಾಗ್ಲೂ ಒಬ್ಬಾಂವ ಹೆಚ್ಚಿಗಿ ಸಿಗ್ತಾನ, ಆಟ ಸ್ವಲ್ಪ ಸಸಾರ ಆಗ್ತೈತಿ. ಜೋಕರ್ ಕೆಲಸಾನ ಪ್ರತಿ ಐದು ನಿಮಿಷಕ್ಕ ಬದಲಿ ಮಾಡ್ರಿ, ಇಲ್ಲಂದ್ರ ಅವನೂ ಡಿಫೆನ್ಸ್ ಮಾಡೋದ ಮರೀತಾನ.

ಮಂದಿ ಸಂಖ್ಯಾ ಬದಲಾದ್ರ ಆಟದ ಸ್ವಭಾವ ಬದಲಾಗ್ತೈತಿ. 1-1, 2-2 ಅಂದ್ರ ಡ್ರಿಬ್ಲಿಂಗು, ಕಾಲಿಗೆ ಕಾಲು, ಮುಚ್ಚಿಕೊಳ್ಳಾಕ ಜಾಗಾನ ಇಲ್ಲ, ಆದ್ರ ಎರಡು ನಿಮಿಷದಾಗ ನಾಲಿಗಿ ಹೊರಗ ಬರ್ತೈತಿ. 3-3ಕ್ಕ ತ್ರಿಕೋನ ಬರ್ತೈತಿ. ನನ್ನ ಪ್ರಕಾರ ಎಲ್ಲಕ್ಕಿಂತ ಕೆಲಸಕ್ಕ ಬರೋದು 4-4, ಯಾಕಂದ್ರ ಮುಂದ ಒಬ್ಬಾಂವ, ಹಿಂದ ಒಬ್ಬಾಂವ, ಎಡಕ್ಕ ಬಲಕ್ಕ ಒಬ್ಬೊಬ್ಬಾಂವ, ಆಟಕ್ಕ ಉದ್ದಾನೂ ಬಂತು ಅಗಲಾನೂ ಬಂತು, ಇದಕ್ಕಿಂತ ಕಡಿಮಿ ಮಂದ್ಯಾಗ ಎರಡೂ ಕೂಡಿ ಬರಂಗಿಲ್ಲ. 7-7 ದಾಟಿದ ಮ್ಯಾಲೆ ಡಿಫೆನ್ಸ್, ಮಿಡ್‌ಫೀಲ್ಡ್, ಅಟ್ಯಾಕ್ ಅಂತ ಲೈನು ಕಾಣ್ತಾವ, ಅದು ಟ್ಯಾಕ್ಟಿಕ್ಸ್ ಕಲಿಸಾಕ ಚೊಲೋ, ಆದ್ರ ಒಬ್ಬೊಬ್ಬಂಗ ಬಾಲ್ ಸಿಗೋದು ಕಡಿಮಿ ಆಗ್ತಾ ಹೋಗ್ತೈತಿ.

ಟೀಮ್ ಮಾಡೋದು ಹುಡುಗರ ಕೈಯಾಗ ಕೊಡಬ್ಯಾಡ್ರಿ. ಇಬ್ಬರು ಕ್ಯಾಪ್ಟನ್ ನಿಂತು ಒಬ್ಬೊಬ್ಬರನ್ನ ಕರಿಯೋ ಪದ್ಧತಿಯೊಳಗ ಕಡೀಗೆ ಉಳಿಯಾಂವ ದಿನಾ ಅವನ ಇರ್ತಾನ, ಅವ ಮುಂದಿನ ತಿಂಗಳಿಂದ ಬರೋದ ಬಿಡ್ತಾನ. ಬಿಬ್ ನೀವ ಹಂಚ್ರಿ.

ಜಾಗಾ: ಇಲ್ಲೇ ಅರ್ಧ ಆಟ ಐತಿ

ರೂಲ್ ಬಗ್ಗೆ ತಲಿ ಕೆಡಿಸಿಕೊಳ್ಳೋ ಕೋಚ್ ಭಾಳ ಮಂದಿ, ಜಾಗಾ ಅಳದು ಹಾಕೋರು ಕಡಿಮಿ. ಆದ್ರ ಆಟ ಬದಲಾಗೋದು ಮೊದ್ಲ ಜಾಗಾದಿಂದ. ಪೂರ್ತಿ ಗ್ರೌಂಡ್ 105 ಮೀಟರ್ ಉದ್ದ 68 ಅಗಲ ಅಂತ ಹಿಡೀರಿ, 7140 ಚದರ ಮೀಟರ್ ಆತು, 22 ಮಂದಿಗೆ ಹಂಚಿದ್ರ ಒಬ್ಬೊಬ್ಬಂಗ ಸುಮಾರು 325. ಈಗ 4-4ನ್ನ 30 ಉದ್ದ 20 ಅಗಲದಾಗ ಹಾಕ್ರಿ, 600 ಭಾಗಿಸು 8, ಒಬ್ಬಂಗ 75 ಚದರ ಮೀಟರ್ ಸಿಗ್ತೈತಿ. ಅದ 4-4ನ್ನ 40 ಉದ್ದ 30 ಅಗಲಕ್ಕ ಹಾಕಿದ್ರ 150. ಮಂದಿ ಅವರ, ಬಾಲ್ ಅದ, ರೂಲೂ ಅದ, ಆದ್ರ ಎರಡೂ ಬ್ಯಾರೆ ಬ್ಯಾರೆ ಆಟ. ಮೊದಲನೇದರಾಗ ಬಾಲ್ ಬರೋಕ್ಕಿಂತ ಮೊದ್ಲ ನಿರ್ಧಾರ ಮಾಡಬೇಕು, ಫಸ್ಟ್ ಟಚ್ ಚೂರು ದೂರ ಹೋತಂದ್ರ ಬಾಲ್ ಹೋತು, ಗಕ್ಕನ ನಿಲ್ಲೋದು ತಿರುಗೋದು ಭಾಳ ಇರ್ತೈತಿ. ಎರಡನೇದರಾಗ ಓಡಾಕ ಜಾಗಾ ಐತಿ, ತಲಿ ಎತ್ತಿ ನೋಡಾಕ ಟೈಮ್ ಐತಿ, ಉದ್ದ ಪಾಸ್ ಬರ್ತಾವ, ದಮ್ಮು ಬ್ಯಾರೆ ರೀತಿ ಹತ್ತತೈತಿ.

ಅದಕ್ಕ ಹೊಸಬರು, ಸಣ್ಣವರು ಇದ್ರ ಜಾಗಾ ದೊಡ್ಡದ ಇಡ್ರಿ. ಇಲ್ಲೆ ಎಲ್ಲಾರೂ ಉಲ್ಟಾ ಮಾಡ್ತಾರ, ಸಣ್ಣ ಹುಡುಗರಲಾ ಸಣ್ಣ ಜಾಗಾ ಸಾಕು ಅಂತ 15 ಹೆಜ್ಜಿ ಚೌಕದಾಗ ಎಂಟು ಮಂದೀನ ತುರುಕತಾರ, ಬಾಲ್ ಹಿಡಿತಕ್ಕ ಬರದ ಹುಡುಗಗ ಅಲ್ಲಿ ಆಟಾನ ಸಿಗಂಗಿಲ್ಲ. ಬಾಲ್ ಹಿಡಿತ ಬಂದಂಗ ಬಂದಂಗ ಜಾಗಾ ಕಡಿಮಿ ಮಾಡ್ಕೋತ ಹೋಗ್ರಿ.

ಆಕಾರಾನೂ ಲೆಕ್ಕಕ್ಕ ಬರ್ತೈತಿ. ಉದ್ದ ಹೆಚ್ಚು ಅಗಲ ಕಡಿಮಿ ಇಟ್ರ ಹುಡುಗರು ಮುಂದ ಮುಂದ ಆಡ್ತಾರ, ಹಿಂದಿನಿಂದ ಓಡಿ ಬರೋದು ಕಲೀತಾರ. ಅಗಲ ಹೆಚ್ಚು ಉದ್ದ ಕಡಿಮಿ ಇಟ್ರ ಬಾಲ್‌ನ ಒಂದು ಬಾಜೂದಿಂದ ಇನ್ನೊಂದು ಬಾಜೂಕ ತಿರುಗಸೋದು ಬರ್ತೈತಿ.

ಅಳಿಯಾಕ ಟೇಪ್ ಬ್ಯಾಡ, ದೊಡ್ಡವರ ಉದ್ದನ ಹೆಜ್ಜಿ ಸುಮಾರು ಒಂದು ಮೀಟರ್, ಅಷ್ಟ ಸಾಕು. ಲೈನ್ ಹಾಕಾಕ ಮಾರ್ಕರ್ ಕೋನ್ ಇಲ್ಲಂದ್ರ ರಂಗೋಲಿ ಪುಡಿ ಹಾಕ್ರಿ, ಸುಟ್ಟ ಸುಣ್ಣದ ಪುಡಿ ಮಾತ್ರ ಬ್ಯಾಡ, ಕಣ್ಣಾಗ ಹೋದ್ರ ಸುಡತೈತಿ. ಕಲ್ಲು ಇಟ್ಟಂಗಿ ಇಟ್ಟು ಗೋಲ್ ಮಾಡೋದೂ ಬ್ಯಾಡ, ಬಿದ್ದ ಹುಡುಗನ ಮೊಣಕಾಲು ಅದರ ಮ್ಯಾಲನ ಬೀಳೋದು. ನಮ್ಮ ಗ್ರೌಂಡ್‌ಗಳ ನಡುವ ಕ್ರಿಕೆಟ್ ಪಿಚ್ ಇರ್ತೈತಿ, ಗಟ್ಟಿ ನೆಲ, ಮ್ಯಾಟಿನ ಮೊಳಿ ಉಳದಿರ್ತಾವ, ಅದನ್ನ ಬಿಟ್ಟು ಎರಡೂ ಕಡೆ ಗ್ರೌಂಡ್ ಹಾಕ್ರಿ. ವಿಜಯಪುರ, ಬಾಗಲಕೋಟಿ ಕಡೆ ಎರಿ ನೆಲ ಬ್ಯಾಸಗ್ಯಾಗ ಬಿರುಕು ಬಿಟ್ಟಿರ್ತೈತಿ, ಹುಡುಗರ ಕಾಲು ಒಳಗ ಹೋಗೋವಷ್ಟು, ಅಲ್ಲಿ ಮೊದ್ಲ ನೀವ ಒಂದು ಸುತ್ತು ನಡದು ನೋಡ್ರಿ. ಬೆಳಗಾವ್ಯಾಗ ಜೂನ್‌ದಿಂದ ಸೆಪ್ಟೆಂಬರ್ ತನಕ ಕೆಸರು, ಬಾಲ್ ಉರುಳಂಗಿಲ್ಲ, ಆವಾಗ ನೆಲದ ಮ್ಯಾಲಿನ ಪಾಸಿಂಗ್ ಆಟ ಇಡೋದರಾಗ ಅರ್ಥ ಇಲ್ಲ, 2-2 ಡ್ರಿಬ್ಲಿಂಗ್ ಇಡ್ರಿ ಇಲ್ಲಂದ್ರ ಟರ್ಫ್ ಹಿಡೀರಿ.

ಟರ್ಫ್ ಅಂದ ಮ್ಯಾಲೆ ಒಂದು ಮಾತು. ಸುತ್ತ ಬಲಿ ಕಟ್ಟಿದ ಬಾಡಗಿ ಟರ್ಫನ್ಯಾಗ ಬಾಲ್ ಹೊರಗ ಹೋಗೋದ ಇಲ್ಲ, ಹುಡುಗರು ಬಲಿಗೆ ಒದ್ದು ವಾಪಸ್ ತಗೋತಾರ, ಮಜಾ ಬರ್ತೈತಿ ಖರೆ, ಆದ್ರ ಮ್ಯಾಚನ್ಯಾಗ ಸೈಡ್ ಲೈನ್ ಹತ್ರ ಬಾಲ್ ಉಳಸ್ಕೊಳ್ಳೋದು ಬರಂಗಿಲ್ಲ. ಬಲಿಯಿಂದ ಎರಡು ಹೆಜ್ಜಿ ಒಳಗ ಕೋನ್ ಇಟ್ಟು ಅದ ಲೈನ್ ಅಂತ ಹೇಳ್ರಿ.

ಗೋಲ್ ಎಲ್ಲಿ ಇಡ್ತೀರಿ ಅನ್ನೋದ ಮ್ಯಾಲೆ

ಹುಡುಗರು ಗೋಲ್ ಇದ್ದಲ್ಲಿಗೆ ಓಡ್ತಾರ, ಹಂಗಾಗಿ ಗೋಲ್ ಇಟ್ಟು ನೀವು ಅವರನ್ನ ಎಲ್ಲಿ ಬೇಕಾದ್ರೂ ಒಯ್ಯಬಹುದು.

ಎಂಟೊಂಬತ್ತು ವರ್ಷದ ಮಕ್ಕಳು ಬೆಲ್ಲಕ್ಕ ಇರುವಿ ಮುತ್ತಿದಂಗ ಬಾಲ್ ಮುತ್ತತಾರ. "ಹರಡ್ಕೋರಿ, ಹರಡ್ಕೋರಿ" ಅಂತ ಒದರಿ ಗಂಟಲು ಕಟ್ಟಿಸಿಕೊಳ್ಳೋಕ್ಕಿಂತ ಒಂದೊಂದು ಟೀಮಿಗೆ ಎರಡೆರಡು ಸಣ್ಣ ಗೋಲ್ ಇಡ್ರಿ, ಎಂಡ್ ಲೈನಿನ ಎರಡೂ ಮೂಲಿಗೆ ಒಂದೊಂದು. ಒಂದು ಗೋಲ್ ಮುಂದ ಎಲ್ಲಾರೂ ಸೇರಿದ್ರ ಇನ್ನೊಂದು ಖಾಲಿ, ಆ ಖಾಲಿ ಗೋಲ್ ನೋಡೋದನ್ನ ಮಕ್ಕಳು ಎರಡ ದಿನದಾಗ ಕಲೀತಾರ. ಫುನಿನೊ ಆಟದ ಗುಟ್ಟು ಇದ. ಅದರಾಗ ಇನ್ನೊಂದು ಚೊಲೋ ರೂಲ್ ಐತಿ, ಗೋಲಿಗೆ ಆರು ಮೀಟರ್ ಹತ್ರ ಬಂದ ಮ್ಯಾಲನ ಹೊಡೀಬೇಕು, ಇದರಿಂದ ದೂರದಿಂದ ಸುಮ್ನ ಒದಿಯೋದು ನಿಲ್ತೈತಿ.

ಡ್ರಿಬ್ಲಿಂಗ್ ಬೇಕಂದ್ರ ಗೋಲ್ ತಗದುಬಿಡ್ರಿ, ಎಂಡ್ ಲೈನ್ ಮ್ಯಾಲೆ ಬಾಲ್ ಒಯ್ದು ನಿಲ್ಲಿಸಿದ್ರ ಒಂದು ಪಾಯಿಂಟ್. ಸ್ಟ್ರೈಕರಿಗೆ ಪಾಸ್ ಮುಟ್ಟಿಸೋದು ಬೇಕಂದ್ರ ಎಂಡ್ ಲೈನಿನ ಆಚೆ ಒಬ್ಬೊಬ್ಬಂವನ್ನ ನಿಲ್ಲಿಸಿ ಅವಂಗ ನೆಲದ ಮ್ಯಾಲೆ ಬಾಲ್ ಕೊಟ್ರ ಪಾಯಿಂಟ್. ಶೂಟಿಂಗ್ ಬೇಕಂದ್ರ ದೊಡ್ಡ ಗೋಲು ಎರಡೂ ಹತ್ರ ಹತ್ರ ಇಟ್ಟು ಕೀಪರ್ ನಿಲ್ಲಿಸ್ರಿ. ಗೋಲನ್ನ ಲೈನ್ ಮ್ಯಾಲೆ ಇಡದ ನಾಕು ಹೆಜ್ಜಿ ಒಳಗ ಇಟ್ಟು ಎರಡೂ ಕಡಿಂದ ಹೊಡಿಯಾಕ ಬಿಟ್ರ ಆಟ ಇನ್ನೂ ಬ್ಯಾರೆ ಆಗ್ತೈತಿ, ಇದು ದೊಡ್ಡ ಹುಡುಗರಿಗೆ.

ಕೀಪರ್ ಇಲ್ಲದ ಸಣ್ಣ ಗೋಲ್ ಇಟ್ರ ಒಬ್ಬ ಶಾಣ್ಯಾ ಹುಡುಗ ಹೋಗಿ ಗೋಲನ್ಯಾಗ ಕುಂತುಬಿಡ್ತಾನ, ಇದು ಎಲ್ಲಾ ಊರಾಗೂ ಆಗೋದು. ಗೋಲ್ ಮುಂದ ಎರಡು ಹೆಜ್ಜಿ ಗುರುತು ಹಾಕಿ ಒಳಗ ಯಾರೂ ನಿಲ್ಲಂಗಿಲ್ಲ ಅಂತ ಮೊದ್ಲ ಹೇಳಿಬಿಡ್ರಿ. ಇನ್ನ ಕೀಪರ್ ಹುಡುಗರನ್ನ ಬಾಜೂಕ ಒಯ್ದು ಗೋಡಿಗೆ ಬಾಲ್ ಒಗಿಯಾಕ ಹಚ್ಚೋದು ದಿನಾ ಬ್ಯಾಡ, ಈಗಿನ ಆಟದಾಗ ಕೀಪರೂ ಕಾಲಿಂದ ಆಡಬೇಕು, ಅವನ್ನೂ ಸಣ್ಣ ಆಟದಾಗ ಹೊರಗ ಆಡಸ್ರಿ.

ರೂಲ್ ಒಂದ ಸಾಕು

ಹೊಸಾ ಕೋಚ್‌ಗಳು ಒಂದ ಆಟಕ್ಕ ಮೂರು ನಾಕು ರೂಲ್ ಹಾಕ್ತಾರ: ಒಬ್ಬಾಂವ ಬಾಲ್ ಮುಟ್ಟೋದು ಎರಡ ಟಚ್, ಐದು ಪಾಸ್ ಆದ ಮ್ಯಾಲೆ ಗೋಲು, ಎಡಗಾಲಿಂದ ಮಾತ್ರ. ಹುಡುಗರು ರೂಲ್ ನೆನಪಿಡೋದರಾಗ ಆಟ ಮರೀತಾರ. ಐದು ಪಾಸ್ ರೂಲಂತೂ ನನಗ ಸೇರಂಗ ಇಲ್ಲ, ಯಾಕಂದ್ರ ಮೂರನೇ ಪಾಸಿಗೆ ಗೋಲ್ ಖಾಲಿ ಇದ್ರೂ ಹುಡುಗ ಹಿಂದ ತಿರುಗಿ ಪಾಸ್ ಕೊಡ್ತಾನ, ಮ್ಯಾಚನ್ಯಾಗ ಇದನ್ನ ಮಾಡಿದ್ರ ನೀವ ಬಯ್ತೀರಿ. ಎರಡ ಟಚ್ ಅಂತ ದಿನಾ ಇಟ್ರ ಡ್ರಿಬಲ್ ಮಾಡೋ ಹುಡುಗನ ಆಟ ಸಾಯ್ತೈತಿ, ಅಂಥಾ ಹುಡುಗರು ಹೆಚ್ಚಿಗಿ ಇರೋದೂ ಇಲ್ಲ, ಇದ್ದವರನ್ನ ಉಳಸ್ಕೋರಿ.

ಕಡ್ಡಾಯ ಮಾಡೋಕ್ಕಿಂತ ಬೋನಸ್ ಇಡೋದು ಚೊಲೋ. ಬೇಕಾದ್ದು ಆಡ್ರಿ ಎಲ್ಲಾ ಗೋಲಿಗೂ ಒಂದು ಪಾಯಿಂಟ್, ಆದ್ರ ಬಾಲ್ ಕಳಕೊಂಡು ಐದು ಸೆಕೆಂಡನ್ಯಾಗ ವಾಪಸ್ ಗೆದ್ದು ಗೋಲ್ ಹೊಡದ್ರ ಮೂರು. ನೋಡ್ರಿ ಆಮ್ಯಾಲೆ, ಬಾಲ್ ಹೋದಕೂಡ್ಲೆ ತಲಿ ಹಿಡಕೊಂಡು ನಿಲ್ಲೋ ಹುಡುಗಾನೂ ಹಿಂದ ಓಡ್ತಾನ. ಹಂಗ ಟೀಮ್ ಪೂರಾ ಅರ್ಧಲೈನ್ ದಾಟಿದ್ರನ ಗೋಲ್ ಡಬಲ್ ಅಂದ್ರ ಹಿಂದ ಉಳಿಯೋ ಡಿಫೆಂಡರ್‌ಗಳು ಮ್ಯಾಲೆ ಬರ್ತಾರ. ಯಾವ ರೂಲ್ ಹಾಕಿದ್ರೂ ನಿಮಗ ನೀವ ಕೇಳ್ಕೋರಿ: ಇದರಿಂದ ಹುಡುಗ ಕಲಿಯೋ ಚಾಳಿ ಭಾನುವಾರದ ಮ್ಯಾಚನ್ಯಾಗ ಉಪಯೋಗಕ್ಕ ಬರ್ತೈತೋ ಇಲ್ಲೋ. ಇಲ್ಲ ಅನಸಿದ್ರ ರೂಲ್ ತಗೀರಿ.

ಟೈಮು, ದಮ್ಮು, ನೀರು

ಹದಿಮೂರು ಹದಿನಾಕು ದಾಟಿದವರಿಗೆ 4-4 ಆಟಾನ ನಾಕು ನಿಮಿಷದ ನಾಕು ಪಾಳಿ ಮಾಡಿ ನಡುವ ಎರಡು ಮೂರು ನಿಮಿಷ ವಿಶ್ರಾಂತಿ ಕೊಟ್ರ ಹೃದಯದ ಬಡಿತ ಗರಿಷ್ಠದ 85-90 ಪರ್ಸೆಂಟ್ ಸುತ್ತಮುತ್ತ ಹೋಗ್ತೈತಿ, ಅಂದ್ರ ದಮ್ಮಿನ ಟ್ರೇನಿಂಗೂ ಅದರಾಗ ಆತು. 2006ರಾಗ ಜೂನಿಯರ್ ಆಟಗಾರರ ಮ್ಯಾಲೆ ಮಾಡಿದ ಒಂದು ಅಧ್ಯಯನದಾಗ ಬರೀ ಓಡಿದ ಗುಂಪಿಗೂ ಸಣ್ಣ ಆಟ ಆಡಿದ ಗುಂಪಿಗೂ ದಮ್ಮು ಹೆಚ್ಚುಕಡಿಮಿ ಒಂದ ಸಮ ಏರಿತ್ತು. ಹಂಗಾರ ಬಾಲ್ ಇಲ್ಲದ ರೌಂಡ್ ಹೊಡಸೋದರಾಗ ಏನೈತಿ ಹೇಳ್ರಿ, ಇಲ್ಲಿ ಬಾಲೂ ಸಿಗ್ತೈತಿ. ಆದ್ರ ಒಂದು ಷರತ್ತು, ಬಾಲ್ ಹೊರಗ ಹೋದಾಗ ಆಟ ನಿಲ್ಲಬಾರದು. ಗ್ರೌಂಡಿನ ನಾಕೂ ಕಡೆ ಒಂದೊಂದು ಬಾಲ್ ಇಡ್ರಿ, ಗಟಾರದಾಗ ಬಿದ್ದ ಬಾಲ್ ತರಾಕ ಹೋಗೋತನಕ ಏಳು ಮಂದಿ ನಿಂತ್ರ ದಮ್ಮು ಎಲ್ಲಿಂದ ಹತ್ತತೈತಿ.

ಸಣ್ಣ ಮಕ್ಕಳಿಗೆ ಈ ನಾಕು ನಿಮಿಷದ ಲೆಕ್ಕಾ ಬ್ಯಾಡ, ಆಡ್ಲಿ, ದಣದ್ರ ತಾವ ನಿಲ್ತಾರ. ಬಾಲ್ ಮಾತ್ರ ಬರೋಬ್ಬರಿ ಕೊಡ್ರಿ, 8 ವರ್ಷದೊಳಗ 3ನೇ ಸೈಜು, 8ರಿಂದ 12ಕ್ಕ 4ನೇ ಸೈಜು, 13ರ ಮ್ಯಾಲೆ 5. ಏಪ್ರಿಲ್ ಮೇ ತಿಂಗಳಾಗ ವಿಜಯಪುರ ಬಾಗಲಕೋಟಿ ಕಡೆ 40 ಡಿಗ್ರಿ ದಾಟ್ತೈತಿ, ಅಲ್ಲಿ ಬೆಳಿಗ್ಗೆ ಆರಕ್ಕ ಶುರು ಮಾಡಿ ಏಳೂವರಿಗೆ ಮುಗಿಸೋದ ಚೊಲೋ, ಪಾಳಿ ಸಣ್ಣವು ಮಾಡ್ರಿ, ಪ್ರತಿ ಪಾಳಿಗೆ ನೀರು. ನೀರು ಕುಡದ್ರ ಹೊಟ್ಟಿ ಹಿಡಿತೈತಿ ಅಂತ ಹುಡುಗರನ್ನ ಬಾಯಾರಿಸಿ ಓಡಸೋ ಕಾಲ ಹೋತು.

ಒಂದು ಪೂರ್ತಿ ಸಂಜಿ

ಈಗ ಮೊದ್ಲ ಬರಕೊಂಡ ಪ್ರಶ್ನಿ ತಗೋರಿ, ಹಿಂದಿನಿಂದ ಬಾಲ್ ಹೊರಗ ತರೋದು. 14ರೊಳಗಿನ 20 ಹುಡುಗರು, 75 ನಿಮಿಷ, ನಿಮಗ ಸಿಕ್ಕಿದ್ದು ಅರ್ಧ ಗ್ರೌಂಡು, ಉಳದರ್ಧದಾಗ ಟೆನಿಸ್ ಬಾಲ್ ಕ್ರಿಕೆಟ್ ನಡದೈತಿ.

ಮೊದಲ ಹತ್ತು ನಿಮಿಷ, ಹುಡುಗರು ಬಂದಂಗ ಬಂದಂಗ 2-2, 3-3 ಆಡಾಕ ಬಿಡ್ರಿ. ಐದೂವರಿಗೆ ಬಂದಾಂವ ಐದೂ ನಲವತ್ತಕ್ಕ ಬರಾಂವಗೋಸ್ಕರ ಕಾಯೋದು ಬ್ಯಾಡ, ಇದರಿಂದ ಲಗೂನ ಬರೋ ಚಾಳಿನೂ ಬೀಳ್ತೈತಿ. ಆಮ್ಯಾಲೆ ಹನ್ನೆರಡು ನಿಮಿಷ ರೊಂಡೊ, ಎಂಟು ಹೆಜ್ಜಿ ಚೌಕ ನಾಕು ಹಾಕಿ ಒಂದೊಂದರಾಗ ಐದು ಮಂದಿ, ನಾಕು ಮಂದಿ ಸುತ್ತ ಪಾಸ್ ಕೊಡೋರು ಒಬ್ಬಾಂವ ನಡುವ ಹಿಡಿಯಾಂವ. ಕೋಚ್ ನೋಡಬೇಕಾದ್ದು ಒಂದ, ಬಾಲ್ ಬರೂಮುಂದ ಹುಡುಗನ ಮೈ ತೆರದೈತೋ ಇಲ್ಲೋ, ಅಂದ್ರ ಎರಡೂ ಬಾಜೂಕ ಪಾಸ್ ಕೊಡೋ ಹಂಗ ಓರೆ ನಿಂತಾನೋ ಇಲ್ಲೋ.

ಆಮ್ಯಾಲೆ ಅಸಲಿ ಆಟ. 40 ಉದ್ದ 25 ಅಗಲದ ಎರಡು ಗ್ರೌಂಡ್ ಬಾಜೂಬಾಜೂಕ, ನಡುವ ನಾಕೈದು ಹೆಜ್ಜಿ ಬಿಡ್ರಿ, ಅರ್ಧ ಗ್ರೌಂಡನ್ಯಾಗ ಆರಾಮ ಕೂಡತಾವ. ಒಂದೊಂದರಾಗ 5-5, ಒಂದೊಂದು ಟೀಮಿನ್ಯಾಗ ಒಬ್ಬ ಕೀಪರ್ ಹಿಡದು. ಒಬ್ಬಂಗ ನೂರು ಚದರ ಮೀಟರ್ ಬಂತು. ಥ್ರೋ ಇಲ್ಲ, ಕಾರ್ನರ್ ಇಲ್ಲ, ಬಾಲ್ ಎಲ್ಲಿಂದ ಹೊರಗ ಹೋದ್ರೂ ಆಟ ಕೀಪರ್‌ನಿಂದನ ಶುರು, ಎದುರಿನ ಟೀಮ್ ಅರ್ಧಲೈನಿಗೆ ಹಿಂದ ಸರೀಬೇಕು, ಕೀಪರ್ ಬಾಲ್ ಆಡಿದಕೂಡ್ಲೆ ಮೈಮ್ಯಾಲೆ ಬರಬಹುದು. ಗೋಲಿಗೆ ಒಂದು, ಕೀಪರಿಂದ ಶುರುವಾಗಿ ನಡುವ ಬಾಲ್ ಕಳಕೊಳ್ಳದ ಗೋಲ್ ಆದ್ರ ಮೂರು. ನಾಕು ನಿಮಿಷದ ನಾಕು ಪಾಳಿ, ನಡುವ ಎರಡೆರಡು ನಿಮಿಷ ನೀರು, ಒಟ್ಟು 22 ನಿಮಿಷ.

ಮೊದಲ ಪಾಳ್ಯಾಗ ಏನಾಗ್ತೈತಿ ಅಂದ್ರ ಮೊದಲಿನಂಗ ಒದಿತಾರ. ಏನೂ ಹೇಳಬ್ಯಾಡ್ರಿ. ನೀರಿಗೆ ಬಂದಾಗ ಒದ್ದ ಹುಡುಗನ್ನ ಬಾಜೂಕ ಕರದು ಕೇಳ್ರಿ.

"ಯಾಕ ಒದ್ದೆಪಾ ತಮ್ಮಾ?"

"ಸರ, ಅವ ಮೈಮ್ಯಾಲೆ ಬಂದ್ನಲ್ರಿ."

"ಅವ ಬರೋಕ್ಕಿಂತ ಮೊದ್ಲ ನೀ ಎಲ್ಲಿ ನೋಡಾಕತ್ತಿದ್ದಿ?"

"ಬಾಲ್ ರಿ ಸರ."

"ಹೂಂ. ಮುಂದಿನ ಸಲ ಕೀಪರ್ ಬಾಲ್ ಹಿಡದಾಗ ಒಮ್ಮೆ ಹೆಗಲ ಮ್ಯಾಲಿಂದ ಹಿಂದ ನೋಡು. ಏನ್ ಕಾಣಿಸ್ತು ಅಂತ ಆಮ್ಯಾಲೆ ನನಗ ಹೇಳು."

ಇಷ್ಟ. ಎರಡನೇ ಪಾಳ್ಯಾಗ ಅವ ನೋಡ್ತಾನ, ಮೂರನೇದರಾಗ ಬಾಜೂಕಿನ ದೋಸ್ತಗ "ಟೈಮ್ ಐತಿ, ತಿರುಗು" ಅಂತ ಒದರ್ತಾನ. ಬೆಳಗಾವಿ ಗ್ರೌಂಡನ್ಯಾಗ ಹುಡುಗರು ಕನ್ನಡ, ಮರಾಠಿ, ಹಿಂದಿ ಮೂರೂ ಕಲಸಿ ಕೂಗ್ತಾರ, ಹಂಗಾಗಿ "ಟರ್ನ್" (ತಿರುಗು), "ಮ್ಯಾನ್ ಆನ್" (ಮೈಮ್ಯಾಲೆ ಬಂದಾನ), "ಟೈಮ್" (ಟೈಮ್ ಐತಿ) ಈ ಮೂರು ಕೂಗು ಎಲ್ಲಾರಿಗೂ ಒಂದ ಇರ್ಲಿ ಅಂತ ಮೊದ್ಲ ಗೊತ್ತು ಮಾಡಿಬಿಡ್ರಿ.

ಮುಂದಿನ 16 ನಿಮಿಷಕ್ಕ ಆಟ ಗಟ್ಟಿ ಮಾಡ್ರಿ. ಹಿಂದ ಸರಿಯೋ ರೂಲ್ ತಗೀರಿ, ಅಗಲಾನ ಐದು ಹೆಜ್ಜಿ ಕಡಿಮಿ ಮಾಡ್ರಿ, ಈಗ ಒಬ್ಬಂಗ 80 ಚದರ ಮೀಟರ್, ಪ್ರೆಸ್ ಮಾಡೋರಿಗೂ ಆಸೆ ಇರ್ಲಿ ಅಂತ ಎದುರಿನವರ ಅರ್ಧದಾಗ ಬಾಲ್ ಕಸ್ಕೊಂಡು ಐದು ಸೆಕೆಂಡನ್ಯಾಗ ಹೊಡದ್ರ ಎರಡು ಪಾಯಿಂಟ್. ನಾಕು ನಿಮಿಷದ ಮೂರು ಪಾಳಿ, ನಡುವ ಎರಡೆರಡು ನಿಮಿಷ. ಇಲ್ಲಿ ತಪ್ಪು ಭಾಳ ಆಗ್ತಾವ, ಆಗಾಕ ಬೇಕು, ಒಂದೂ ತಪ್ಪಿಲ್ಲದ ನಡದ್ರ ಆಟ ಸಸಾರ ಆಗೈತಿ ಅಂತ ಅರ್ಥ.

ಕಡೀ 15 ನಿಮಿಷ ನಡುವಿನ ಕೋನ್ ತಗದು 10-10, ಯಾವ ರೂಲೂ ಇಲ್ಲ, ಯಾವ ಬೋನಸ್ಸೂ ಇಲ್ಲ. ನೀವು ದೂರ ನಿಂತು ನೋಡ್ರಿ, ಹಿಂದಿನಿಂದ ಬಾಲ್ ಹೊರಗ ತರೋದು ತಾನಾಗಿ ಎಷ್ಟು ಸಲ ಬಂತು. ಬಂದಿಲ್ಲಂದ್ರ ಗುರುವಾರಕ್ಕೂ ಅದ ಪ್ರಶ್ನಿ.

ಕೋಚಿನ ಬಾಯಿ

ಆಟ ನಡದಾಗ ಪ್ರತಿ ಪಾಸಿಗೆ "ಅಲ್ಲಿ ಕೊಡು, ಇಲ್ಲಿ ಕೊಡು" ಅಂತ ಒದರಿದ್ರ ಹುಡುಗ ನಿಮ್ಮ ಕಿವಿಯಿಂದ ಆಡ್ತಾನ, ನೀವು ಇಲ್ಲದ ಮ್ಯಾಚನ್ಯಾಗ ಕುರುಡ ಆಗ್ತಾನ. ಹುರುಪು ತುಂಬೋ ಕೂಗು ಬ್ಯಾರೆ, ಅದು ಬೇಕು, ಕೋಚ್ ಬಾಜೂಕ ನಿಂತು ಹುರಿದುಂಬಿಸಿದ್ರ ಆಟದ ಬಿರುಸು ಏರ್ತೈತಿ. ಸೀಟಿ ಊದಿ ಎಲ್ಲಾರನ್ನೂ ನಿಂತಲ್ಲೇ ನಿಲ್ಲಿಸಿ ತೋರಸೋದು ಐತಲಾ, ಅದನ್ನ ಒಂದು ಆಟಕ್ಕ ಒಂದ ಸಲ ಮಾಡ್ರಿ, ಅದೂ ಅರ್ಧ ನಿಮಿಷದಾಗ ಮುಗೀಬೇಕು. ಉಳದದ್ದು ನೀರಿನ ಟೈಮಿಗೆ. ಎರಡು ಗ್ರೌಂಡ್ ನಡದಾಗ ನಡುವ ನಿಲ್ಲಬ್ಯಾಡ್ರಿ, ಒಂದಕ್ಕ ಬೆನ್ನು ಬೀಳ್ತೈತಿ, ಎರಡೂ ಕಾಣೋ ಮೂಲ್ಯಾಗ ನಿಲ್ರಿ.

ಆಟ ಕೆಟ್ಟಾಗ ಏನು ತಿರುವೋದು

ಸ್ಕೋರ್ 7-0 ಆತಂದ್ರ ಮತ್ತ ಟೀಮ್ ಬದಲಿ ಮಾಡೋ ಗೊಂದಲ ಬ್ಯಾಡ, ಸೋತ ಟೀಮಿಗೆ ಒಬ್ಬ ಹೆಚ್ಚಿನಾಂವನ್ನ ಕೊಡ್ರಿ ಇಲ್ಲಂದ್ರ ಗೆದ್ದವರ ಗೋಲ್ ಅಗಲ ಮಾಡ್ರಿ. ಬಾಲ್ ಬರೀ ಗಾಳ್ಯಾಗ ಹಾರಾಕತ್ತಿತು, ಯಾರ ಹತ್ರಾನೂ ನಿಲ್ಲವಲ್ದು, ಹಂಗಾರ ಜಾಗಾ ಸಣ್ಣದ ಆಗೈತಿ, ಐದು ಹೆಜ್ಜಿ ಹಿಗ್ಗಿಸ್ರಿ. ಎಲ್ಲಾರೂ ಆರಾಮ ನಡಕೋತ ಪಾಸ್ ಕೊಡಾಕತ್ತಿದ್ರ ಕುಗ್ಗಿಸ್ರಿ. ಅರ್ಧ ಗ್ರೌಂಡಿಂದನ ಗೋಲಿಗೆ ಒದಿಯಾಕತ್ತಿದ್ರ ಅರ್ಧಲೈನ್ ದಾಟಿದ ಮ್ಯಾಲನ ಗೋಲ್ ಅನ್ರಿ. ಒಬ್ಬನ ಹುಡುಗ ಎಲ್ಲಾರನ್ನೂ ದಾಟಿ ಹೊಡಿಯಾಕತ್ತಿದ್ರ ಅವನ್ನ ಬಯ್ಯಬ್ಯಾಡ್ರಿ, ದೊಡ್ಡ ಹುಡುಗರ ಗ್ರೌಂಡಿಗೆ ಕಳಸ್ರಿ.

ಗೆದ್ದವರು ಉಳೀತಾರ ಸೋತವರು ಹೊರಗ ಅನ್ನೋ ಪದ್ಧತಿ ಹುಡುಗರಿಗೆ ಭಾಳ ಸೇರ್ತೈತಿ, ಆದ್ರ ಅದರಾಗ ಹೆಚ್ಚು ಪ್ರಾಕ್ಟೀಸ್ ಬೇಕಾದಾಂವನ ಹೆಚ್ಚು ಹೊತ್ತು ಹೊರಗ ಕುಂದರ್ತಾನ. ಅದಕ್ಕಿಂತ ಒಬ್ಬೊಬ್ಬರ ಹೆಸರಿಗೆ ಪಾಯಿಂಟ್ ಬರೀರಿ, ಪ್ರತಿ ಪಾಳಿಗೆ ಟೀಮ್ ಬದಲಿ ಮಾಡ್ರಿ, ಗೆದ್ದ ಟೀಮಿನ ಎಲ್ಲಾರಿಗೂ ಮೂರು, ಡ್ರಾ ಆದ್ರ ಒಂದು. ಕಡೀಗೆ ಲೆಕ್ಕಾ ಹಾಕಿದಾಗ ಮ್ಯಾಲೆ ಬಂದ ಹೆಸರು ನೋಡಿ ನೀವ ದಂಗಾಗ್ತೀರಿ, ಯಾರ ಜೋಡಿ ಆಡಿದ್ರೂ ಗೆಲ್ಲೋ ಹುಡುಗ ಸುಮ್ನ ಇರಾಂವ ಇರ್ತಾನ.

ಇದರಾಗ ಸಿಗದೇ ಇರೋದು

ಎಲ್ಲಾ ಸಣ್ಣ ಆಟದಾಗ ಬರ್ತೈತಿ ಅನ್ನೋರ ಮಾತು ನಂಬಬ್ಯಾಡ್ರಿ. 30 ಮೀಟರ್ ಗ್ರೌಂಡನ್ಯಾಗ ಹುಡುಗ ಪೂರ್ತಿ ಸ್ಪೀಡ್ ಹಿಡಿಯೋಕ್ಕಿಂತ ಮೊದ್ಲ ಲೈನ್ ಬರ್ತೈತಿ, ಹಂಗಾಗಿ ಪೂರ್ತಿ ಸ್ಪೀಡಿನ ಓಟ ಬ್ಯಾರೆ ಮಾಡಸಬೇಕು, ವಾರಕ್ಕ ಒಂದೆರಡು ಸಲ 30-40 ಮೀಟರ್ ಸ್ಪ್ರಿಂಟ್, ನಡುವ ಪೂರ್ತಿ ವಿಶ್ರಾಂತಿ ಕೊಟ್ಟು. ದೂರದ ಕ್ರಾಸು, ಆಫ್‌ಸೈಡ್ ಲೈನ್ ಹಿಡಿಯೋದು, ಉದ್ದ ಬಾಲ್‌ಗೆ ಹೆಡ್ ಮಾಡೋದು ಇವೂ ದೊಡ್ಡ ಗ್ರೌಂಡನ್ಯಾಗನ ಬರ್ತಾವ. ಇನ್ನ ಸಣ್ಣ ಜಾಗಾದಾಗ ಗಕ್ಕನ ನಿಲ್ಲೋದು ತಿರುಗೋದು ಹೆಚ್ಚು, ತೊಡಿ ಸಂದಿಗೆ, ಮೊಣಕಾಲಿಗೆ ಭಾರ ಬೀಳ್ತೈತಿ, ಗಟ್ಟಿ ನೆಲದ ಮ್ಯಾಲೆ ಇನ್ನೂ ಹೆಚ್ಚು, ಅದಕ್ಕ ವಾರಪೂರ್ತಿ 2-2, 3-3 ಆಡಸಬ್ಯಾಡ್ರಿ.

ಭಾನುವಾರ ಮ್ಯಾಚ್ ಇದ್ರ ನಾ ಹಿಂಗ ಹಂಚ್ತೀನಿ: ಬುಧವಾರ ಸಣ್ಣ ಜಾಗಾ 3-3, 4-4, ಗುರುವಾರ ದೊಡ್ಡ ಜಾಗಾ 7-7ರಿಂದ 9-9, ಶುಕ್ರವಾರ ಸ್ಪ್ರಿಂಟು ಮತ್ತ ಸ್ವಲ್ಪ ಶೂಟಿಂಗು, ಶನಿವಾರ ಅರ್ಧ ತಾಸು, ಒಂದು ರೊಂಡೊ, ಒಂದೆರಡು ಕಾರ್ನರು, ಮನಿಗೆ. "ಸರ, ದೊಡ್ಡ ಮ್ಯಾಚ್ ಯಾವಾಗ ಆಡಸ್ತೀರಿ" ಅಂತ ಪಾಲಕರು ಗೇಟ್ ಹತ್ರ ಕೇಳ್ತಾರ, ಅವರಿಗೆ ಗುರುವಾರ ಬಂದು ನೋಡ್ರಿ ಅಂತ ಹೇಳ್ರಿ, ಬಂದವರ ಕೈಯಾಗ ಒಂದು ಚೀಟಿ ಪೆನ್ನು ಕೊಟ್ಟು ಅವರ ಮಗ ಬಾಲ್ ಎಷ್ಟು ಸಲ ಮುಟ್ಟಿದ ಅಂತ ಎಣಸಾಕ ಹಚ್ರಿ, ಬುಧವಾರದ 4-4ಕ್ಕೂ ಬಂದು ಎಣಸಿದ್ರ ಆಮ್ಯಾಲೆ ಆ ಪ್ರಶ್ನಿ ಕೇಳಂಗಿಲ್ಲ.